ಶಿವಮ್ಮಣ್ಣಿ ಮಿಸ್ಸಿನ ಶನಿವಾರದ ಮುಯ್ಯಾಳು

ಶಿವಮ್ಮಣ್ಣಿ ಮಿಸ್ಸಿಗೆ ಹಾಜರಿ ತೆಗೆದುಕೊಳ್ಳಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಮಕ್ಕಳಿದ್ದದ್ದು ಮೂವತ್ತೆರಡೇ. ಆದರೆ ಹೆಸರು ಕೂಗಿದಾಗ ಎದ್ದು ನಿಂತು 'ಎಸ್ ಮಿಸ್' ಅಂದರೆ ಅವರಿಗೆ ಆಗುತ್ತಿರಲಿಲ್ಲ. "ನೀನು ಬಂದಿರೋದು ನಂಗೇ ಕಾಣ್ತಾ ಅದೆ ಕಣ್ಲಾ, ಅದ್ನ ಬೇರೆ ಹೇಳ್ಬೇಕಾ? ಬರೋ ದಾರೀಲಿ ಯಾರ್ನ ಕಂಡೆ, ಅವ್ರು ಎಂಗವ್ರೆ, ಅದ ಹೇಳು" ಅನ್ನುತ್ತಿದ್ದರು. ನಾವು ಹೇಳುತ್ತಿದ್ದೆವು. ಕೊನೇ ಮನೆ ಅಜ್ಜಿಗೆ ಕಾಲು ಊದಿಕೊಂಡಿದೆ. ಹಾಲಿನ ಡೈರಿಯ ಮಾವ ಇವತ್ತು ಯಾರ ಹತ್ತಿರವೂ ಮಾತಾಡಲಿಲ್ಲ. ನಮ್ಮಪ್ಪ ರಾತ್ರಿ ಕುಡಿದು ಬಂದು ಅವ್ವನಿಗೆ ಹೊಡೆದ, ಅವಳು ಇನ್ನೂ ಎದ್ದಿಲ್ಲ. ಹತ್ತೂಮುಕ್ಕಾಲರ ಹೊತ್ತಿಗೆ ಊರಿನ ಸಮಾಚಾರವೆಲ್ಲ ನಾಲ್ಕನೇ ತರಗತಿಯ ಕೊಠಡಿಯಲ್ಲಿ ಗುಡ್ಡೆ ಬಿದ್ದಿರುತ್ತಿತ್ತು. ಹೆಡ್‌ಮಾಸ್ಟರು ಕಿಟಕಿಯಲ್ಲಿ ಇಣುಕಿ, "ಮೇಡಂ, ಗಣಿತ ಯಾವಾಗ?" ಎಂದು ಕೇಳಿದರೆ, "ಇದೇ ಗಣಿತ ಸಾ, ಕೂಡೋದು ಕಲಿಸ್ತಾ ಇವ್ನಿ" ಎಂದು ನಗುತ್ತಿದ್ದರು.

ಅವರದು ಮೂಗೂರು. ಬೆಳಿಗ್ಗೆ ನರಸೀಪುರಕ್ಕೆ ಬಂದು, ಅಲ್ಲಿಂದ ನಂಜನಗೂಡಿನ ಬಸ್ಸು ಹತ್ತಿ, ನಮ್ಮೂರ ಗೇಟಿನಲ್ಲಿ ಇಳಿದು ಒಂದು ಮೈಲಿ ನಡೆಯಬೇಕಿತ್ತು. ದಪ್ಪನೆಯ ಹೆಂಗಸು, ಹಣೆಯ ಮೇಲೆ ವಿಭೂತಿ, ಕಂಕುಳಲ್ಲಿ ಯಾವಾಗಲೂ ಒಂದು ರೆಕ್ಸಿನ್ ಬ್ಯಾಗು. ಸಂಬಳ ತರುವ ಕೆಲಸ ಅಂತ ಬರುತ್ತಿದ್ದವರಲ್ಲ, ನಂಟರ ಮನೆಗೆ ಬರುವ ಹಾಗೆ ಬರುತ್ತಿದ್ದರು. ಗೇಟಿನಿಂದ ಸ್ಕೂಲಿಗೆ ಬರುವಷ್ಟರಲ್ಲಿ ಅವರ ಹಿಂದೆ ಹತ್ತು ಮಕ್ಕಳಾದರೂ ಇರುತ್ತಿದ್ದವು. ನಮ್ಮ ಕೇರಿ ದಾರಿಯಲ್ಲಿ ಸಿಗುವುದಿಲ್ಲ, ಹೊಲದ ಬದಿಯಲ್ಲಿ ಸುತ್ತಿಕೊಂಡು ಬರಬೇಕು. ಅವರು ಸುತ್ತಿಕೊಂಡೇ ಬರುತ್ತಿದ್ದರು. ಬಂದವರು ಹಟ್ಟಿಯ ಹೊರಗೆ ನಿಂತು ಕೂಗುತ್ತಿರಲಿಲ್ಲ, ಬಾಗಿಲವರೆಗೂ ಬಂದು "ಎಲ್ಲವ್ವಾ ಸುಜಾತ, ತಲೆ ಬಾಚಿಲ್ವಾ ಇನ್ನೂ?" ಅನ್ನುತ್ತಿದ್ದರು. ಆ ವಯಸ್ಸಿನಲ್ಲಿ ನನಗೆ ದೇವರು ಅಂದರೆ ಗೋಡೆಯ ಮೇಲಿದ್ದ ಬುದ್ಧನ ಪಟ ಬಿಟ್ಟರೆ ಈ ಹೆಂಗಸೇ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದರಲ್ಲಿ ಸಿಟ್ಟು ಹೆಚ್ಚು ಕಾಣುತ್ತದೆ. ಪ್ರೀತಿ ಇಲ್ಲದಿದ್ದರೆ ಸಿಟ್ಟೂ ಇರುತ್ತಿರಲಿಲ್ಲ.

ಮುಯ್ಯಾಳು ಎಂದರೆ ಏನೆಂದು ಹೊಲ ಇರುವವರಿಗೆ ಗೊತ್ತು. ಇವತ್ತು ನಿಮ್ಮ ಗದ್ದೆ ನಾಟಿಗೆ ನಮ್ಮ ಮನೆಯವರು ಬರುತ್ತಾರೆ, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು ಬರುತ್ತಾರೆ. ಕೂಲಿ ಇಲ್ಲ, ಕೆಲಸಕ್ಕೆ ಕೆಲಸ. ನಮ್ಮ ಕೇರಿಯವರಿಗೆ ಇದು ಅಷ್ಟಾಗಿ ಗೊತ್ತಿರಲಿಲ್ಲ, ಯಾಕೆಂದರೆ ನಾವು ಕೂಲಿಗೆ ಹೋಗುವವರು. ನಮ್ಮ ಹತ್ತಿರ ಮುಯ್ಯಿ ಮಾಡಿಕೊಳ್ಳಲು ಗದ್ದೆ ಎಲ್ಲಿತ್ತು?

ಈ ಪದ್ಧತಿಯನ್ನು ಮಿಸ್ಸು ತರಗತಿಗೆ ತಂದರು. ಶನಿವಾರ ಅರ್ಧ ದಿನ ಸ್ಕೂಲು. ಬಿಟ್ಟ ಮೇಲೆ ಇಡೀ ತರಗತಿ ಒಬ್ಬರ ಮನೆಗೆ ಹೋಗಿ ಅವರ ಮನೆಯದೊಂದು ಕೆಲಸ ಮಾಡಿಕೊಡಬೇಕು. ಯಾರ ಮನೆ ಅನ್ನುವುದಕ್ಕೆ ಸೋಮವಾರವೇ ಸೀಮೆಸುಣ್ಣದ ಖಾಲಿ ಡಬ್ಬದಲ್ಲಿ ಚೀಟಿ ಎತ್ತುತ್ತಿದ್ದೆವು. ನಿಯಮ ಒಂದೇ: ಮಾಡಿಸಿಕೊಂಡವರು ಮುಂದಿನ ಮನೆಗೆ ಬಂದು ಮಾಡಲೇಬೇಕು. "ಯಾರ ಮನೆ ಕೆಲ್ಸ ಅಂತ ಕೇಳ್ಬಾರ್ದು, ಎಷ್ಟು ಕೆಲ್ಸ ಅದೆ ಅಂತ ಕೇಳ್ಬೇಕು" ಎಂದು ಅವರು ಹೇಳಿಕೊಟ್ಟದ್ದನ್ನು ನಾವು ಮಗ್ಗಿಯ ಹಾಗೆ ರಾಗವಾಗಿ ಹೇಳುತ್ತಿದ್ದೆವು.

ಮೊದಲ ನಾಲ್ಕು ಚೀಟಿಯೂ ದೊಡ್ಡ ಬೀದಿಯ ಮಕ್ಕಳದೇ ಬಂದವು. ದೊಡ್ಡ ಬೀದಿ ಎಂದರೆ ಲಿಂಗಾಯತರ ಬೀದಿ. ಮೊದಲನೆಯದು ನಂದೀಶನ ಮನೆ. ಅವನು ನನ್ನ ಪಕ್ಕದ ಸಾಲಿನ ಹುಡುಗ, ಅವರಪ್ಪನಿಗೆ ಜಮೀನು ಬಹಳ. ಹಜಾರದ ತುಂಬ ಅವರೆಕಾಯಿ ಸುರಿದಿದ್ದರು. ದೊಡ್ಡ ಬೀದಿಯ ಮಕ್ಕಳು ಜಗಲಿ ಹತ್ತಿ ಒಳಗೆ ಹೋಗಿ ಕುಳಿತರು. ನಮಗೆ ಯಾರೂ ಏನೂ ಹೇಳಲಿಲ್ಲ, ಆದರೂ ನಮ್ಮ ಕೇರಿಯ ನಾವು ಆರು ಜನ ಅಂಗಳದಲ್ಲೇ ಕುಳಿತೆವು. ಹೇಳಿಸಿಕೊಳ್ಳದೆಯೇ ತಿಳಿಯುವ ಪಾಠ ಅದು. ನಂದೀಶನ ಅಜ್ಜಿ ಒಂದು ಮೊರ ಅವರೆಕಾಯಿ ತಂದು ನಮ್ಮ ಮುಂದೆ ಸುರಿದರು. ಕೆಲಸ ಮುಗಿದ ಮೇಲೆ ಎಲ್ಲರಿಗೂ ಕಾಫಿ ಬಂತು, ಒಳಗಿನವರಿಗೆ ಸ್ಟೀಲ್ ಲೋಟ, ನಮಗೆ ಪ್ಲಾಸ್ಟಿಕ್ ಲೋಟ. ಮಿಸ್ಸು ಹಜಾರದಿಂದ ಎದ್ದು ಬಂದು, ಸೆರಗು ಸಿಕ್ಕಿಸಿಕೊಂಡು ನಮ್ಮ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು, "ನಂಗೂ ಅದ್ರಲ್ಲೇ ಕೊಡಿ ಅಜ್ಜಿ" ಎಂದರು. ಅಜ್ಜಿಯ ಮುಖ ಕಪ್ಪಿಟ್ಟಿತು. ನಾನು ಮಾತ್ರ ಮಿಸ್ಸಿಗೆ ಪ್ಲಾಸ್ಟಿಕ್ ಲೋಟ ಇಷ್ಟ ಎಂದುಕೊಂಡೆ. ಒಂಬತ್ತು ವರ್ಷದವಳಿಗೆ ಅಷ್ಟೇ ಹೊಳೆದದ್ದು.

ಈಗ ಯೋಚಿಸಿದರೆ ಅದೇ ಅವರ ಗುಣ. ಬಾಯಿ ತೆರೆದು ಹೇಳಬೇಕಾದ ಜಾಗದಲ್ಲಿ ಅವರು ಮೈ ಬಗ್ಗಿಸುತ್ತಿದ್ದರು. ನಮ್ಮ ಪಕ್ಕ ಬಂದು ಕೂರುತ್ತಿದ್ದರು, ನಮ್ಮ ಲೋಟದಲ್ಲಿ ಕುಡಿಯುತ್ತಿದ್ದರು. "ಈ ಮಕ್ಳಿಗೂ ಸ್ಟೀಲ್ ಲೋಟ ಕೊಡಿ ಅಜ್ಜಿ" ಎಂಬ ಒಂದು ಮಾತು ಮಾತ್ರ ಅವರ ಬಾಯಿಂದ ಬರುತ್ತಿರಲಿಲ್ಲ.

ಐದನೇ ಶನಿವಾರದ ಚೀಟಿ ನನ್ನದು ಬಂತು. ನಾನು ಓಡಿಕೊಂಡು ಮನೆಗೆ ಹೋಗಿ ಹೇಳಿದೆ. ಆಗ ನಮಗೆ ಸರ್ಕಾರದ ಮನೆ ಸಿಕ್ಕಿ ಗೋಡೆ ಎದ್ದಿತ್ತು, ನೆಲ ಆಗಿರಲಿಲ್ಲ. ತಳಪಾಯದೊಳಗೆ ಮಣ್ಣು ತುಂಬಿ, ನೀರು ಹಾಕಿ, ತುಳಿದು ತುಳಿದು ಗಟ್ಟಿ ಮಾಡಬೇಕು. ಮೂವತ್ತೆರಡು ಜನ ಮಕ್ಕಳು ಒಂದು ಮಧ್ಯಾಹ್ನ ಕುಣಿದರೆ ಸಾಕು, ಕೆಲಸ ಮುಗಿದುಹೋಗುತ್ತದೆ. ಗಾರೆ ಕೆಲಸದ ಅಪ್ಪ ಎರಡು ದಿನ ಮೊದಲೇ ಮಣ್ಣು ಹೊಡೆಸಿ, ಹೆಂಟೆ ಒಡೆದು, ಕಲ್ಲು ಆಯ್ದು ಇಟ್ಟ. "ಮಕ್ಳ ಕಾಲಿಗೆ ಚುಚ್ಚೀತು" ಅಂದ.

ಅವ್ವನ ಚಿಂತೆಯೇ ಬೇರೆ. ಬಂದವರಿಗೆ ಏನು ಕೊಡುವುದು? ಕಾಫಿ ಮಾಡಿದರೆ ಕುಡಿಯುತ್ತಾರಾ? ಉಪ್ಪಿಟ್ಟು ಮಾಡಿದರೆ ತಿನ್ನುತ್ತಾರಾ? ಎರಡು ದಿನ ಇದೇ ಮಾತಾಡಿ ಕಡೆಗೆ ತಾನೇ ದಾರಿ ಕಂಡುಹಿಡಿದಳು. "ಬಾಳೆಅಣ್ಣು ತರನ ಕಣಮ್ಮಿ. ಬಾಳೆಅಣ್ಣಿಗೆ ಸಿಪ್ಪೆ ಇರ್ತದೆ. ನಾವು ಮುಟ್ಟುದ್ದು ಸಿಪ್ಪೆಯ ಮಾತ್ರ. ಸುಲ್ಕಂಡು ತಿಂತವೆ, ಮಕ್ಳು ಪಾಪ." ಎಷ್ಟು ಬುದ್ಧಿವಂತಿಕೆಯ ಮಾತು ಎಂದು ನಾನು ಅವ್ವನನ್ನು ಮೆಚ್ಚಿಕೊಂಡೆ. ಅವ್ವ ಒಂದು ಇಡೀ ಗೊನೆ ತಂದು ಗೋಣಿಚೀಲ ಮುಚ್ಚಿಟ್ಟಳು. ದಿನಾ ಎರಡು ಸಲ ಚೀಲ ಎತ್ತಿ ಹಣ್ಣಾಗಿದೆಯಾ ಎಂದು ನೋಡುತ್ತಿದ್ದಳು.

ಶನಿವಾರ ಹನ್ನೆರಡಕ್ಕೆ ನಮ್ಮ ಕೇರಿಯ ಐದು ಜನ ನನ್ನ ಜೊತೆ ಬಂದರು. ಉಳಿದವರು ಮನೆಯಲ್ಲಿ ಬ್ಯಾಗ್ ಇಟ್ಟು ಬರುತ್ತೇವೆ ಎಂದಿದ್ದರು. ನಾನು ದಾರಿಯ ತುದಿಗೆ ಹೋಗಿ ನಿಂತೆ. ಹೊಲದ ಬದಿಯಲ್ಲಿ ಒಂದೇ ಒಂದು ಆಕೃತಿ ಬರುತ್ತಿತ್ತು, ಮಿಸ್ಸು. ಹಿಂದೆ ಯಾರೂ ಇರಲಿಲ್ಲ. ಮಕ್ಕಳಿಲ್ಲದೆ ಅವರು ನಡೆದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

"ಉಳ್ದೋರು ಎಲ್ಲಿ ಮಿಸ್?"

"ಒಬ್ನಿಗೆ ಜ್ವರವಂತೆ. ಇನ್ನೊಬ್ಳು ಅಜ್ಜಿ ಊರಿಗೆ ಓದ್ಲಂತೆ. ನಂದೀಶಂಗೆ ಎಣ್ಣೆ ನೀರಂತೆ" ಎಂದರು. ನನ್ನ ಮುಖ ನೋಡದೆ ಚಪ್ಪಲಿ ಬಿಟ್ಟರು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು, ಮಣ್ಣಿಗೆ ಇಳಿದರು.

ಇಪ್ಪತ್ತಾರು ಮಕ್ಕಳ ಕೆಲಸವನ್ನು ಒಬ್ಬರೇ ಮಾಡುವ ಹಟ ಹಿಡಿದವರಂತೆ ಅವರು ತುಳಿದರು. ಬೆವರಿಗೆ ವಿಭೂತಿ ಕರಗಿ ಕಣ್ಣಿಗೆ ಇಳಿಯುತ್ತಿತ್ತು. ಅವ್ವ "ಸಾಕು ಬುಡಿ ಅವ್ವಾರೆ, ಕಾಲು ನೊಂದದು" ಎಂದು ನಾಲ್ಕು ಸಲ ಹೇಳಿದಳು. ಅವರು ಹಾಡು ಹೇಳಿಸಿದರು, ನಾವು ಹೇಳಿದೆವು, ಆದರೆ ಆರು ಕಂಠ ಎಷ್ಟು ಕೇಳಿಸೀತು? ಆಮೇಲೆ ನಮ್ಮ ಮನೆಯ ಲೋಟದಲ್ಲೇ ನೀರು ಕುಡಿದರು, ಬಾಳೆಹಣ್ಣು ತಿಂದರು, ಒಂದಲ್ಲ, ನಾಲ್ಕು. ಗೊನೆ ಖಾಲಿಯಾಗಬೇಕಲ್ಲ! ಸಂಜೆಯವರೆಗೂ ನಾವೂ ಹೊಟ್ಟೆ ಬಿರಿಯುವ ಹಾಗೆ ತಿಂದೆವು. ಉಳಿದದ್ದು ಮಂಗಳವಾರದ ಹೊತ್ತಿಗೆ ಕಪ್ಪಾಗಿ ಹಸುವಿನ ಪಾಲಾಯಿತು.

ಸೋಮವಾರ ಹಾಜರಿಯಲ್ಲಿ ನನ್ನ ಹೆಸರು ಬಂತು. ಎದ್ದು ನಿಂತೆ. "ಶನಿವಾರ ಮಧ್ಯಾಹ್ನ ದಾರೀಲಿ ನಿಂತ್ಕಂಡು ನೋಡ್ದೆ ಮಿಸ್. ಯಾರೂ ಕಾಣ್ಲಿಲ್ಲ" ಎಂದೆ. ನಂದೀಶ ಬೆಂಚಿನ ಮೇಲೆ ಉಗುರಿನಲ್ಲಿ ಏನೋ ಕೆರೆಯುತ್ತಿದ್ದ, ಅವನ ತಲೆಯಲ್ಲಿ ಎಣ್ಣೆಯ ಪಸೆ ಕೂಡ ಇರಲಿಲ್ಲ. ಮಿಸ್ಸು ಈಗ ಹೇಳುತ್ತಾರೆ, ಈಗ ಬೈಯುತ್ತಾರೆ ಎಂದು ನಾನು ಕಾದೆ. ನನಗೆ ಬೇರೇನೂ ಬೇಕಿರಲಿಲ್ಲ. ಯಾರಿಗೂ ಹೊಡೆಯಬೇಕಿರಲಿಲ್ಲ. 'ನೀವು ಮಾಡಿದ್ದು ತಪ್ಪು' ಎಂದು ಅಷ್ಟೂ ಜನರ ಎದುರಿಗೆ ಒಮ್ಮೆ ಹೇಳಿದ್ದರೆ ಸಾಕಿತ್ತು.

ಮಿಸ್ಸು ಪುಸ್ತಕದ ಮೇಲೆ ಬಗ್ಗಿ ಮುಂದಿನ ಹೆಸರು ಕೂಗಿದರು.

ಆ ವಾರದ ಚೀಟಿ ಮತ್ತೆ ದೊಡ್ಡ ಬೀದಿಗೇ ಹೋಯಿತು. ನಾನು ಅವರ ಮೇಜಿನ ಹತ್ತಿರ ಹೋಗಿ ಕೇಳಿದೆ: "ಅವ್ರು ನಮ್ಮನೆಗೆ ಬರ್ಲಿಲ್ವಲ್ಲ ಮಿಸ್, ನಾವ್ಯಾಕೆ ಓಗ್ಬೇಕು?"

ಅವರು ನನ್ನ ಜಡೆ ನೇವರಿಸಿದರು. "ಅವ್ರು ಬಂದ್ರಾ ಬರ್ಲಿಲ್ವಾ ಅಂತ ನೋಡ್ಕಂಡು ಮಾಡೋದು ಸಹಾಯ ಅಲ್ಲ ಕಣವ್ವ. ನೀನು ದೊಡ್ಡ ಮನ್ಸು ಮಾಡು."

ಮಾಡಿಸಿಕೊಂಡವರು ಮಾಡಲೇಬೇಕು ಎಂಬ ಅವರದೇ ನಿಯಮ ಒಂದೇ ವಾರದಲ್ಲಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನಾನು ದೊಡ್ಡ ಮನಸ್ಸು ಮಾಡಿ ಹೋಗಿ ರಾಗಿ ಹುಲ್ಲು ಹೊತ್ತುಬಂದೆ. ಮೈಯೆಲ್ಲ ತುರಿಸಿಕೊಳ್ಳುತ್ತಾ ಮನೆಗೆ ಬಂದಾಗ ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ: "ನಮ್ಮ ತಾತನ ಕಾಲ್ದಲ್ಲಿ ಇದ್ಕೆ ಬಿಟ್ಟಿ ಚಾಕ್ರಿ ಅಂತಿದ್ರು. ನಿಮ್ಮ ಮಿಸ್ಸು ಒಳ್ಳೆ ಎಸ್ರು ಕೊಟ್ಟವ್ರೆ." ಮರುವಾರದಿಂದ ನನ್ನನ್ನು ಕಳಿಸಲಿಲ್ಲ. ಕೇರಿಯ ಉಳಿದವರೂ ನಿಂತರು. ನಾವು ನಿಂತ ಮೇಲೆ ದೊಡ್ಡ ಬೀದಿಯವರಿಗೂ ಉತ್ಸಾಹ ಇಳಿಯಿತು, ಪರೀಕ್ಷೆಯ ನೆಪದಲ್ಲಿ ಮುಯ್ಯಾಳು ಮುಗಿಯಿತು. ಮಿಸ್ಸು ನಮ್ಮ ಕೇರಿಗೆ ಬರುವುದನ್ನು ಮಾತ್ರ ಬಿಡಲಿಲ್ಲ. ನನಗೆ ಹೈಸ್ಕೂಲಿಗೆ ಅರ್ಜಿ ಬರೆದುಕೊಟ್ಟವರು ಅವರು, ಟೀಚರ್ ಟ್ರೇನಿಂಗ್ ಸೇರಿಸಲು ಅಪ್ಪನ ಜೊತೆ ಮೈಸೂರಿಗೆ ಬಂದವರು ಅವರು. ಆ ಸೋಮವಾರದ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ನಾನೀಗ ನರಸೀಪುರದ ಕಡೆಯ ಒಂದು ಹಳ್ಳಿಯಲ್ಲಿ ಟೀಚರು. ಪ್ರತಿ ವರ್ಷ ಚಿಕ್ಕ ಮಕ್ಕಳಿಗೆ ನೆರೆಹೊರೆಯ ಪಾಠ ಮಾಡುತ್ತೇನೆ. ಚಿತ್ರದಲ್ಲಿ ಎಲ್ಲರೂ ನಗುತ್ತಾ ಒಬ್ಬರಿಗೊಬ್ಬರು ಸಹಾಯ ಮಾಡುತ್ತಿರುತ್ತಾರೆ. ಆ ಚಿತ್ರ ತೋರಿಸುವಾಗ ಮೂವತ್ತು ಜೊತೆ ಕಣ್ಣು ನನ್ನನ್ನೇ ನಂಬಿ ನೋಡುತ್ತಿರುತ್ತವೆ. ನಾನು ಬೇಗ ಮುಂದಿನ ಪುಟ ತಿರುಗಿಸುತ್ತೇನೆ.

ಹೋದ ವರ್ಷ ನಂದೀಶ ಫೋನ್ ಮಾಡಿದ. ನಂಜನಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಒಳ್ಳೆಯ ಮಾತುಗಾರ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಿವಮ್ಮಣ್ಣಿ ಮಿಸ್ಸಿಗೆ ಸನ್ಮಾನ ಮಾಡೋಣ ಎಂದ. ವಾಟ್ಸಾಪ್ ಗುಂಪು ಆಯಿತು. ಯಾರ್ಯಾರು ಯಾವ ಕೆಲಸ ಎಂಬ ಪಟ್ಟಿಯೂ ಬಂತು. ಊಟ, ವೇದಿಕೆ, ಹಾರ, ಮೈಕು. ಕಡೆಯಲ್ಲಿ ಸ್ವಚ್ಛತೆ, ಅದರ ಮುಂದೆ ಮೂರು ಹೆಸರು, ಮೂರೂ ನಮ್ಮ ಕೇರಿಯವು, ಮೊದಲನೆಯದು ನನ್ನದು. ನಂದೀಶ ಬೇಕೆಂದು ಮಾಡಿದ್ದಲ್ಲ, ಅವನಿಗೆ ಅದು ಕಾಣಿಸಿಯೇ ಇಲ್ಲ. ಬೇಕೆಂದು ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ. ಮಿಸ್ಸು ಕೂರುವ ಜಾಗ, ನಾನೇ ಗುಡಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನನಗೂ ಮಿಸ್ಸಿನ ಅಭ್ಯಾಸ ಅಂಟಿಕೊಂಡಿತ್ತು, ಹೇಳಬೇಕಾದ ಜಾಗದಲ್ಲಿ ಮೈ ಬಗ್ಗಿಸುವುದು.

ಸ್ಕೂಲಿನ ಅಂಗಳದಲ್ಲೇ ಶಾಮಿಯಾನ ಹಾಕಿದ್ದರು. ಮಿಸ್ಸು ಇಬ್ಬರ ಆಸರೆಯಲ್ಲಿ ವೇದಿಕೆ ಹತ್ತಿದರು. ಮಂಡಿ ಹೋಗಿತ್ತು, ಮೈ ಇಳಿದಿತ್ತು, ದನಿ ಮಾತ್ರ ಹಾಗೇ ಇತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಮಾತಿಗೆ ನಿಂತರು. ಹಾಜರಿಯ ಕತೆ ಹೇಳಿ ನಗಿಸಿದರು. ಆಮೇಲೆ ಶನಿವಾರದ ಮುಯ್ಯಾಳಿಗೆ ಬಂದರು.

"ಆವಾಗ್ಲೇ ಈ ಊರ ಮಕ್ಳಿಗೆ ಭೇದ ಇರ್ಲಿಲ್ಲ ಕಣ್ರಪ್ಪ. ಯಾರ ಮನೆಗಾದ್ರೂ ಓಗೋವು. ಸುಜಾತನ ಮನೆ ನೆಲ ಇಡೀ ಕ್ಲಾಸೇ ಓಗಿ ತುಳ್ದು ಕೊಡ್ತು."

ಚಪ್ಪಾಳೆ ಬಿತ್ತು. ಮುಪ್ಪಿಗೆ ಮರೆತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಅವರು ನೇರವಾಗಿ ನನ್ನನ್ನೇ ನೋಡಿ, "ಬೇಕಾದ್ರೆ ಕೇಳಿ, ಸುಜಾತ ಇಲ್ಲೇ ಕೂತವ್ಳೆ. ಏನವ್ವಾ? ಅವ್ಳಿಗೆ ಮೈಕ್ ಕೊಡ್ರಪ್ಪ" ಎಂದರು.

ನಂದೀಶನೇ ಮೈಕು ತಂದುಕೊಟ್ಟ. ಅವನ ಮುಖದಲ್ಲಿ ನಿಜವಾದ ಖುಷಿ ಇತ್ತು. ಅವತ್ತು ತಾನೂ ಬಂದಿದ್ದೆ, ಮಣ್ಣು ತುಳಿದಿದ್ದೆ ಎಂದು ಅವನು ಆ ಒಂದು ನಿಮಿಷದಲ್ಲಿ ನಂಬಿಬಿಟ್ಟಿದ್ದ. ಎದುರಿಗೆ ನೂರು ಮುಖ. ವೇದಿಕೆಯ ಮೇಲೆ ಹಾರದ ಭಾರಕ್ಕೆ ಬಗ್ಗಿದ ಮುದುಕಿ. ಯಾವ ಬಾಯಲ್ಲಿ ಹೇಳಲಿ, 'ಇಲ್ಲ ಮಿಸ್, ನೀವು ಸುಳ್ಳು ಹೇಳುತ್ತಿದ್ದೀರಿ' ಎಂದು?

"ಹೌದು ಮಿಸ್. ಎಲ್ಲಾರೂ ಬಂದಿದ್ರು" ಎಂದೆ.

ಚಪ್ಪಾಳೆ ಇನ್ನೂ ಜೋರಾಯಿತು. ಮಿಸ್ಸು ಮಾತ್ರ ನಗಲಿಲ್ಲ. ಏನೋ ಕಳೆದುಕೊಂಡವರ ಹಾಗೆ "ಅಷ್ಟೇ ಕಣ್ರಪ್ಪ" ಎಂದು ಕುಳಿತುಬಿಟ್ಟರು.

ಊಟವಾದ ಮೇಲೆ ಆಟೋದವರೆಗೆ ಕೈ ಹಿಡಿದು ಬಾ ಎಂದು ನನ್ನನ್ನೇ ಕರೆದರು. ಅರ್ಧ ದಾರಿಯಲ್ಲಿ ನಿಂತರು.

"ಯಾಕವ್ವಾ ಸುಳ್ಳು ಹೇಳ್ದೆ?"

ನಾನು ಬೆಪ್ಪಾಗಿ ನೋಡಿದೆ. "ನಿಮ್ಗೆ ನೆನಪದಾ ಮಿಸ್?"

"ಮರಿಯಕಾದದಾ? ದಿನಾ ನೆನೀತೀನಿ. ನೀನು ಎದ್ದು ಇಲ್ಲ ಅಂತೀಯ ಅಂತ್ಲೇ ನಾನು ಅಂಗೆ ಅಂದದ್ದು, ಮೈಕ್ ಕೊಡ್ಸಿದ್ದು. ಅವತ್ತು ಸೋಮವಾರ ನಂಗೆ ಬಾಯಿ ಬರ್ಲಿಲ್ಲ. ನಮ್ಮೋರೆ ಅವ್ರು, ದಿನಾ ಮುಖ ನೋಡ್ಬೇಕು, ಎಂಗೆ ಹೇಳ್ಲಿ ಅಂದ್ಕಂಡೆ. ಇವತ್ತೂ ಬರ್ಲಿಲ್ಲ. ನೀನು ಓದ್ದೋಳು, ಟೀಚರು, ನಿಂಗೆ ಧೈರ್ಯ ಅದೆ. ನೀನಾದ್ರೂ ಹೇಳಿ ಅವ್ರಿಗೆಲ್ಲ ನಾಚ್ಕೆ ಆಗ್ಲಿ, ನಂಗೂ ಆಗ್ಲಿ ಅಂತ ಕಾಯ್ತಿದ್ದೆ."

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಒಟ್ಟಿಗೆ ಮೇಲೆ ಬಂತು. "ಅದ್ನೂ ನಮ್ಮ ಕೇರಿಯೋರೇ ಮಾಡ್ಬೇಕಾ ಮಿಸ್?" ಎಂದೆ. "ಬರ್ದೇ ಇದ್ದೋರು ಅವ್ರು. ನೋಡ್ಕಂಡು ಸುಮ್ನಿದ್ದೋರು ನೀವು. ಅದ್ನ ಎಲ್ಲಾರ ಮುಂದೆ ಹೇಳೋ ಕೆಲ್ಸ ಮಾತ್ರ ನಂದಾ?"

ಏನಾದರೂ ಹೇಳುತ್ತಾರೆ ಎಂದು ನಾನು ಮತ್ತೆ ಕಾದೆ, ಒಂಬತ್ತು ವರ್ಷದವಳಂತೆಯೇ ಕಾದೆ. ಅವರು ನನ್ನ ಕೈ ಬಿಡದೆ ಆಟೋದವರೆಗೆ ನಡೆದರು. ಆಮೇಲೆ ಆಟೋದ ಕಂಬಿ ಹಿಡಿದು ಕಷ್ಟಪಟ್ಟು ಹತ್ತಿ ಕುಳಿತರು. ಆಟೋ ಹೊರಟಿತು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ನಾಲ್ಕು ತಿಂಗಳಿಗೆ ತೀರಿಕೊಂಡರು. ಸುದ್ದಿ ತಿಳಿದದ್ದು ಮಣ್ಣಾದ ಮೇಲೆ. ಒಂದು ಭಾನುವಾರ ಮೂಗೂರಿಗೆ ಹೋದೆ. ಅವರ ಮಗಳು ಒಳಗೆ ಕರೆದು ಕೂರಿಸಿದರು. ಮಿಸ್ಸು ಕಡೆಯ ದಿನಗಳಲ್ಲಿ ಹೇಗಿದ್ದರು ಎಂದು ಕೇಳಿದೆ.

"ಮಾತು ಕಮ್ಮಿ ಮಾಡ್ಬುಟ್ಟಿದ್ರು" ಎಂದರು ಆಕೆ. "ಒಂದೇ ಕೇಳೋರು. ಬೆಳಿಗ್ಗೆ ಎದ್ರೆ ನನ್ ಫೋನ್ ನೋಡು ಅನ್ನೋರು. ಸನ್ಮಾನ ಆದ್ಮೇಲೆ ಅವ್ರನ್ನೂ ಸೇರಿಸಿದ್ರಲ್ಲ, ಆ ಸ್ಕೂಲ್ ಗ್ರೂಪಲ್ಲಿ ಸುಜಾತ ಏನಾರ ಬರ್ದವ್ಳಾ ನೋಡು, ಏನಾರ ಬರ್ದವ್ಳಾ ನೋಡು ಅಂತ. ಏನು ಬರೀಬೇಕಿತ್ತು ನೀವು?"

ಅಲ್ಲೇ ಕುಳಿತು ಅತ್ತೆ. ದುಃಖಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಆಕೆ ನನ್ನ ಬೆನ್ನು ಸವರಿದರು. ನಾನು ಅತ್ತದ್ದು ಸಿಟ್ಟಿಗೆ. ಕಣ್ಣು ಮುಚ್ಚುವವರೆಗೂ ಅವರು ಆ ಕೆಲಸಕ್ಕೆ ನನ್ನನ್ನೇ ಕಾದಿದ್ದರು. ಫೋನು ಅವರ ಮನೆಯಲ್ಲೇ ಇತ್ತು, ಮಗಳು ಪಕ್ಕದಲ್ಲೇ ಇದ್ದಳು, ಎರಡು ಸಾಲು ಹೇಳಿ ಬರೆಸಬಹುದಿತ್ತು.

ಆದ್ದರಿಂದ ಬರೆಯುತ್ತಿದ್ದೇನೆ. ಆ ಶನಿವಾರ ನಮ್ಮ ಮನೆಯ ನೆಲ ತುಳಿದದ್ದು ನಾವು ಆರು ಮಕ್ಕಳು, ಎಲ್ಲರೂ ನಮ್ಮ ಕೇರಿಯವರೇ. ಜೊತೆಗೆ ಶಿವಮ್ಮಣ್ಣಿ ಮಿಸ್ಸು. ದೊಡ್ಡ ಬೀದಿಯಿಂದ ಒಬ್ಬರೂ ಬಂದಿರಲಿಲ್ಲ. ಗುಂಪಿಗೂ ಇದನ್ನೇ ಕಳಿಸಿದ್ದೇನೆ, ಎಲ್ಲರೂ ಓದಿದ್ದಾರೆ, ಯಾರೂ ಉತ್ತರ ಕೊಟ್ಟಿಲ್ಲ. ನೀವು ಹೇಳಿದ ಕೆಲಸ ಮಾಡಿದ್ದೇನೆ ಮಿಸ್. ಅದು ನನ್ನ ಕೆಲಸ ಆಗಿರಲಿಲ್ಲ.